ಮಷೀನು ಚಲೋ, ಮನಿ ಖರಾಬ

ಸರದಾರ ಗುಂಡಿ ಒತ್ತಿದ, ಕಂಪ್ಯೂಟರು ಕೂಗಿತು.

ಚಾಲೂ ಆಗುವಾಗ ಒಂದು ಸಲ ಸಣ್ಣಗೆ ‘ಪೀಂ’ ಎನ್ನುವುದು ಅದರ ರೂಢಿ. ಮನೆಗೆ ಬಂದ ಅಳಿಯ ಹೊಸ್ತಿಲಲ್ಲಿ ಕೆಮ್ಮಿದ ಹಾಗೆ. ಅದಕ್ಕೆ ಸರದಾರನ ತಕರಾರು ಯಾವತ್ತೂ ಇರಲಿಲ್ಲ. ಆದರೆ ಇವತ್ತು ಪೀಂ ಪೀಂ ಪೀಂ ಎಂದು ಶುರು ಮಾಡಿದ್ದು ನಿಲ್ಲಿಸುವ ಮಾತೇ ಇಲ್ಲ. ಕಪ್ಪು ಪರದೆಯ ಮೇಲೆ ಒಂದಿಷ್ಟು ಬಿಳಿ ಅಕ್ಷರ ಬಂದವು, ಬಂದಲ್ಲೇ ನಿಂತವು. ಆರಿಸಿ ಮತ್ತೆ ಹಚ್ಚಿದ. ಪೀಂ ಪೀಂ. ಡಬ್ಬದ ಬೆನ್ನಿಗೆ ಒಂದು ಏಟು ಕೊಟ್ಟ. ಅದಕ್ಕೂ ಪೀಂ ಪೀಂ.

"ನಿನ್ನಿ ಸಂಜೀತನಾ ಚಲೋ ಇತ್ತಲ್ಲ! ಸಾಯೂದಿದ್ರ ನಾಳಿ ಸಾಯಿ, ಯಾರ ಬ್ಯಾಡಂದಾರ? ಇವತ್ತ ಆಗಬೇಕಾ ನಿನಗ?" ಎಂದು ಸರದಾರ ಅದರ ಮುಖಕ್ಕೇ ಕೇಳಿದ.

ಅಡುಗೆಮನೆಯಿಂದ ಹೆಂಡತಿ ಶಬನಮ, "ಮುಂಜಾನೆದ್ದು ಯಾರ ಜೋಡಿ ಜಗಳಾ?" ಎಂದಳು.

"ನಿನ್ನ ಸವತಿ ಜೋಡಿ!"

ಅವನ ಸಿಟ್ಟಿಗೂ ಕಾರಣವಿತ್ತು. ಗಡಿಯ ಊರಾದ ಬಿಳೂರಿನಲ್ಲಿ ಸರದಾರನೆಂದರೆ ಲಗ್ನಪತ್ರಿಕೆ ಬರೆಯುವ ಸರದಾರ. ಜತ್ತದ ಛಾಪಖಾನೆಯವರಿಗೆ ಮರಾಠಿ ನೀರು ಕುಡಿದಷ್ಟು ಸಲೀಸು. ಕನ್ನಡದ ಒಂದು ಒತ್ತಕ್ಷರ ಕಂಡರೆ ಸಾಕು, ಕೈ ಮುಗಿಯುತ್ತಾರೆ. ಹೀಗಾಗಿ ಸುತ್ತಲಿನ ಹಳ್ಳಿಗಳಲ್ಲಿ ಒಂದು ಕಡೆ ಕನ್ನಡ ಒಂದು ಕಡೆ ಮರಾಠಿ ಇರುವ ಪತ್ರಿಕೆ ಬೇಕೆಂದವರು ಸರದಾರನ ಮನೆಗೇ ಬರಬೇಕು. ಅವನು ಮನೆಯಲ್ಲಿ ಕುಳಿತು ಟೈಪು ಮಾಡಿ ಫ್ಲಾಪಿಗೆ ಇಳಿಸಿಕೊಡುತ್ತಿದ್ದ, ಛಾಪಖಾನೆಯವರು ಅಚ್ಚು ಹಾಕುತ್ತಿದ್ದರು. ಮನೆಯ ಒಲೆ ಉರಿಯುತ್ತಿದ್ದುದೇ ಆ ಬಿಳಿ ಡಬ್ಬದಿಂದ.

ಇವತ್ತು ಕೊಡಬೇಕಾಗಿದ್ದದ್ದು ಕರಜಗಿಯ ಸೋಮನಿಂಗಪ್ಪನ ಮಗಳ ಪತ್ರಿಕೆ. ಪತ್ರಿಕೆಯೆಂದರೆ ಬರೀ ಮುಹೂರ್ತವೇ? ಕಾಕಾ, ಮಾಮಾ, ಅತ್ತಿ, ಭಾವ ಎಲ್ಲರ ಹೆಸರೂ ಬೇಕು, ಅದೂ ಅವರವರ ಮಾನಕ್ಕೆ ತಕ್ಕ ಸಾಲಿನಲ್ಲಿ. ಎಲ್ಲಕ್ಕೂ ಕೆಳಗೆ ಸಣ್ಣ ಹುಡುಗರ ಹೆಸರಿನಲ್ಲಿ ‘ನಮ್ಮ ಅಕ್ಕನ ಮದವಿಗಿ ಲಗೂನ ಬರ್ರಿ ಹಾಂ!’ ಎಂಬ ಸಾಲು. ಸೋಮನಿಂಗಪ್ಪನ ದೊಡ್ಡ ಕಾಕಾ ತನ್ನ ಹೆಸರು ಎರಡನೆಯ ಸಾಲಿಗೆ ಹೋಯಿತೆಂದು ಮುನಿಸಿಕೊಂಡು, ಅವನನ್ನು ಮೇಲೆ ತಂದರೆ ಸಣ್ಣ ಕಾಕಾ ಮುನಿಸಿಕೊಂಡು, ಹೀಗೆ ತಿಂಗಳುಗಟ್ಟಲೆ ನಡೆದ ರಗಳೆ ನಿನ್ನೆ ಸಂಜೆಯಷ್ಟೇ ಮುಗಿದಿತ್ತು. ಆ ರಾಜಿಯ ಪತ್ರಿಕೆ ಇದ್ದದ್ದು ಈ ಡಬ್ಬದೊಳಗೆ ಮಾತ್ರ. ಫ್ಲಾಪಿಗೆ ಇಳಿಸುವುದೊಂದು ಬಾಕಿ, ಅಷ್ಟರಲ್ಲಿ ಲೈಟು ಹೋಗಿತ್ತು. ಕತ್ತಲಲ್ಲೇ ಸರದಾರ ಕೀಬೋರ್ಡಿನ ಹಲಗೆಯನ್ನು ಟೇಬಲ್ಲಿನೊಳಕ್ಕೆ ನೂಕಿ, ಮೇಲೆ ಶಬನಮ ಹೊಲಿದ ಹೂವಿನ ಚಾದರ ಹೊದಿಸಿ ಊಟಕ್ಕೆ ಎದ್ದಿದ್ದ.

ಮಧ್ಯಾಹ್ನ ಸೋಮನಿಂಗಪ್ಪ ಜೀಪು ತೆಗೆದುಕೊಂಡು ಬರುವವನು. ಪತ್ರಿಕೆ ಇಲ್ಲವೆಂದರೆ ಜೀಪು ಅಲ್ಲಿಂದಲೇ ವಿಜಾಪುರಕ್ಕೆ ತಿರುಗುತ್ತದೆ. ವಿಜಾಪುರ ನೋಡಿದ ಗಿರಾಕಿ ತಿರುಗಿ ಬಿಳೂರಿಗೆ ಬರುವುದುಂಟೇ? ಅವನೂ ಬರುವುದಿಲ್ಲ, ಅವನ ಹಿಂದಿರುವ ಇಡೀ ಕರಜಗಿಯೂ ಬರುವುದಿಲ್ಲ.

ಸರದಾರ ಹೀಗೆ ಬೆವರುತ್ತಿರುವಾಗ ಎದುರುಮನೆಯ ಭಾಗವ್ವ ಒಳಗೆ ಬಂದಳು. ಅವಳು ಸೋಮನಿಂಗಪ್ಪನ ಅಕ್ಕ. ನಿನ್ನೆ ಸಂಜೆಯೆಲ್ಲ ತನ್ನ ಹೆಸರು ಯಾವ ಸಾಲಿನಲ್ಲಿ ಕೂರುತ್ತದೆಂದು ನೋಡಲು ಸರದಾರನ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಎಲೆ ಅಡಿಕೆ ಅಗಿಯುತ್ತ ಕುಳಿತಿದ್ದವಳು.

"ಸರದಾರಾ, ನನ್ನ ಚಂಚಿ ನೋಡೀಯೇನಪಾ?"

ಚಂಚಿಯೆಂದರೆ ಎಲೆ, ಅಡಿಕೆ, ತಂಬಾಕು, ತಗಡಿನ ಸುಣ್ಣದ ಡಬ್ಬಿ ಎಲ್ಲ ತುಂಬಿ ದಾರ ಎಳೆದು ಸೊಂಟಕ್ಕೆ ಸಿಕ್ಕಿಸುವ ಬಟ್ಟೆಯ ಚೀಲ. ಅದಿಲ್ಲದಿದ್ದರೆ ಭಾಗವ್ವನ ಬಾಯಿಗೆ ಮಾತಿನ ಹೊರತು ಬೇರೆ ಕೆಲಸವಿಲ್ಲ.

"ಇಲ್ಲ ಆಯಿ, ನೋಡಿಲ್ಲ."

"ನಿನ್ನಿ ಇಲ್ಲೇ ಕುಂತಿದ್ನಿ."

ಸರದಾರ ಕುರ್ಚಿಯ ಕೆಳಗೆ ಬಗ್ಗಿ ನೋಡಿದಂತೆ ಮಾಡಿ, "ಇಲ್ಲ ನೋಡ," ಎಂದ.

"ಇದ್ಯಾಕಪಾ ಹಿಂಗ ಒದರಾಕತ್ತೈತಿ? ಹಾಲ ಕಾಣದ ಹಸಗೂಸ ಇದ್ದಂಗ."

"ನಿನ್ನ ಚಂಚಿ ಹುಡುಕ್ಕೋ ಹೋಗ ಆಯಿ. ನನ್ನ ಜೀಂವಾ ತಿನಬ್ಯಾಡ."

ಭಾಗವ್ವ ಹೋದಳು. ಆದರೆ ಓಣಿಯಲ್ಲಿ ಸುದ್ದಿ ಬಿಟ್ಟು ಹೋದಳು. ಸರದಾರನ ಮನೆಯಲ್ಲಿ ಏನೋ ಕೂಗುತ್ತಿದೆಯೆಂದರೆ ತಮ್ಮ ಮನೆಯಲ್ಲಿ ಕೂರುವವರು ಯಾರು? ಮೊದಲು ಬಂದವನು ಭಾಗವ್ವನ ಮಗ ಶಿವಶರಣ. ಅವನದೂ ಇಂಥದೇ ಕಂಪ್ಯೂಟರು. ಇಬ್ಬರೂ ಒಂದೇ ದಿನ ಒಂದೇ ಜೀಪಿನಲ್ಲಿ ಸಾಂಗ್ಲಿಗೆ ಹೋಗಿ, ಒಂದೇ ಅಂಗಡಿಯಲ್ಲಿ ಜೋಡಿ ಎತ್ತು ತಂದ ಹಾಗೆ ತಂದದ್ದು. ಸರದಾರನದು ದುಡಿಯುತ್ತಿತ್ತು. ಶಿವಶರಣನದರ ಮೇಲೆ ಶಿವಶರಣ ಇಸ್ಪೀಟು ಆಡುತ್ತಿದ್ದ.

"ನಂದು ನೋಡ ಸರದಾರಭಾಯ್, ತಂದಾಗಿಂದ ಒಂದಿನಾ ಕೂಗಿಲ್ಲ," ಎಂದ.

"ಕೂಗಾಕ ಅದಕೇನಾಗೇತಿ? ನಿನ್ನ ಜೋಡಿ ಇಸ್ಪೀಟ ಆಡಕೋತ ಮಜಾ ಮಾಡತೈತಿ. ನಂದರಂಗ ಕರಜಗಿಯವ್ರ ಕಾಕಾಗೋಳ ಹೆಸರ ಹೊತ್ತಿದ್ರ ಗೊತ್ತಾಗತಿತ್ತು!"

ಅವನ ಹಿಂದೆಯೇ ಕಂಪೌಂಡರ ರೇವಪ್ಪ ಬಂದ. ದನದ ದವಾಖಾನೆಯಲ್ಲಿ ಕಂಪೌಂಡರನಾಗಿ ನಿವೃತ್ತನಾದವನು. ಯಾರೂ ಕೇಳದಿದ್ದರೂ ಡಬ್ಬಕ್ಕೆ ಕಿವಿ ಹಚ್ಚಿ, ಕಣ್ಣು ಮುಚ್ಚಿ, ಅಂಗೈಯಿಂದ ಮೆಲ್ಲಗೆ ತಟ್ಟಿದ.

"ಹೊಟ್ಟ್ಯಾಗ ಗಾಳಿ ತಿರಗಾಕತ್ತೈತಿ," ಎಂದ.

"ಅದು ಫ್ಯಾನ ಐತ್ರಿ ಕಂಪೌಂಡರ! ಅದು ತಿರಗಬೇಕು!"

"ಸಿಟ್ಟ್ಯಾಕ ಮಾಡ್ತಿಯೋ? ನಾ ಇದ್ದದ್ದ ಹೇಳಿದ್ನಿ. ನಿನ್ನಿ ಏನರ ಹೊರಗಿಂದ ತಿನಿಸಿದ್ಯೇನು ಇದಕ?"

ಸರದಾರ ಹಲ್ಲು ಕಡಿದ. ಸ್ವಂತ ಮನೆ, ಸ್ವಂತ ಮಷೀನು, ಸ್ವಂತ ಸಂಕಟ. ಬಂದವರಿಗೆ ಮಾತ್ರ ಜಾತ್ರೆಯ ಖುಷಿ. ಶಬನಮ ಬೇರೆ ಬಂದವರಿಗೆಲ್ಲ ಚಹಾ ಮಾಡುತ್ತಿದ್ದಳು. ಇದೆಂಥ ಅನ್ಯಾಯ? ರೋಗಿಯ ಮನೆಯವನೇ ನೋಡಲು ಬಂದವರಿಗೆ ಉಪಚಾರ ಮಾಡಬೇಕೇ?

ಆಗ ಓಣಿಯಲ್ಲಿ ತುಕಾರಾಮನ ಮೋಟಾರಸೈಕಲ್ಲಿನ ಸಪ್ಪಳ ಕೇಳಿತು. ಡಫಳಾಪುರದ ತುಕಾರಾಮ ಟೀವಿ ರಿಪೇರಿಯವನು. ಯಾರದೋ ಟೀವಿ ನೋಡಲು ಬಿಳೂರಿಗೆ ಬಂದಿದ್ದ. ಶಿವಶರಣ ಅಡ್ಡ ನಿಂತು ಅವನನ್ನು ಕರೆದುಕೊಂಡೇ ಬಂದ.

"ನಿನಗ ಕಂಪ್ಯೂಟರ ಬರತೈತೇನು?" ಎಂದು ಸರದಾರ ಅನುಮಾನದಿಂದ ಕೇಳಿದ.

"ಟೀವಿ ಏನು, ಕಂಪ್ಯೂಟರ ಏನು? ಅಣ್ಣತಮ್ಮರ ಮಕ್ಕಳು. ಕಾಯ್ ನಾಹೀ, ಕಾಯ್ ನಾಹೀ, ಏನಿಲ್ಲ ಬಿಡ್ರಿ," ಎನ್ನುತ್ತ ತುಕಾರಾಮ ಚೀಲ ಬಿಚ್ಚಿದ. ಡಬ್ಬದ ಮಗ್ಗಲು ತೆಗೆದ. ಹಸಿರು ಪಟ್ಟಿಯೊಂದನ್ನು ಕಿತ್ತು ಹಿಡಿದು, "ಇದು ರ‍್ಯಾಮು. ಕೂಗಿತಂದ್ರ ನೂರಕ್ಕ ನೂರ ಇದರದ ದೋಷ. ಹಲ್ಲಿಗಿ ಕಿಲುಬ ಹಿಡದಿರತೈತಿ. ರಬ್ಬರ ಕೊಡ್ರಿ," ಎಂದ.

ರಬ್ಬರು ಬಂತು. ರ‍್ಯಾಮಿನ ಹಲ್ಲು ತಿಕ್ಕಿದ್ದಾಯಿತು. ಆಮೇಲೆ ಸೈಕಲ್ಲಿಗೆ ಗಾಳಿ ಹೊಡೆಯುವ ಪಂಪು ಬಂತು. ರೇವಪ್ಪ ಪಂಪು ಒತ್ತಿದ, ತುಕಾರಾಮ ನಳಿಗೆ ಹಿಡಿದ. ಒಳಗಿದ್ದ ಧೂಳೆಲ್ಲ ಎದ್ದು ಬಂದು ಸರದಾರನ ಮುಖದ ಮೇಲೆ ಕುಳಿತಿತು. ಧೂಳಿನ ಜೊತೆ ಸತ್ತ ಜೊಂಡಿಗ, ಅಂದರೆ ಜಿರಳೆಯೊಂದು ಹಾರಿ ಬಂತು.

"ಸಿಕ್ಕಾ ನೋಡ್ರಿ ಕಳ್ಳ!" ಎಂದು ತುಕಾರಾಮ ಅದನ್ನು ಮೀಸೆ ಹಿಡಿದು ಎತ್ತಿ ಎಲ್ಲರಿಗೂ ತೋರಿಸಿದ. ಎಲ್ಲರೂ ಉಸಿರು ಬಿಟ್ಟರು. ಸರದಾರ ಬಿಸ್ಮಿಲ್ಲಾ ಎಂದು ಗುಂಡಿ ಒತ್ತಿದ.

ಪೀಂ ಪೀಂ ಪೀಂ.

"ಕಳ್ಳ ಅವನಲ್ಲ," ಎಂದ ರೇವಪ್ಪ.

ಪ್ಲಗ್ಗು ಬದಲಿಸಿದರು. ವಾಯರು ಬದಲಿಸಿದರು. ಶಿವಶರಣನ ಮನೆಯ ಪರದೆ ತಂದು ಹಚ್ಚಿದರು. ಟೇಬಲ್ಲಿನ ಮೇಲಿದ್ದದ್ದೆಲ್ಲ ಬದಲಾಯಿತು, ಕೂಗು ಬದಲಾಗಲಿಲ್ಲ. ತುಕಾರಾಮ ಗದ್ದ ಕೆರೆದುಕೊಂಡ.

"ಈಗ ಒಂದ ಕೆಲಸ. ಈ ಡಬ್ಬಿ ಶಿವಶರಣನ ಮನಿಗಿ ಒಯ್ದು ಅಲ್ಲಿ ಹಚ್ಚೂದು. ಅಲ್ಲೂ ಕೂಗಿತಂದ್ರ ಇದರದ ಖಟ್ಲೆ ಮುಗೀತು."

ಕೀಬೋರ್ಡನ್ನೂ ಒಯ್ಯೋಣವೆಂದರೆ ಅದರ ವಾಯರು ಟೇಬಲ್ಲಿನ ಹಿಂದಿನ ತೂತಿನಲ್ಲಿ ಸಿಕ್ಕಿಕೊಂಡಿತ್ತು. ಬಡಿಗ ಆ ತೂತನ್ನು ಅಷ್ಟು ಜಿಪುಣತನದಿಂದ ಕೊರೆದಿದ್ದ. "ಅದಿರಲಿ ಬಿಡ್ರಿ, ಅಲ್ಲಿ ಒಂದ ಐತಲ್ಲ," ಎಂದ ಶಿವಶರಣ. ಡಬ್ಬ ಮಾತ್ರ ಓಣಿ ದಾಟಿತು. ಸರದಾರ ಅದನ್ನು ಎದೆಗೆ ಅವಚಿಕೊಂಡು ಮುಂದೆ, ಊರು ಹಿಂದೆ.

ಶಿವಶರಣನ ಟೇಬಲ್ಲಿನ ಮೇಲೆ ಇಟ್ಟು, ಅವನ ಪರದೆ, ಅವನ ಕೀಬೋರ್ಡು ಹಚ್ಚಿ ಗುಂಡಿ ಒತ್ತಿದರು. ಒಂದೇ ಒಂದು ಸಣ್ಣ ‘ಪೀಂ’. ಪರದೆ ಬೆಳಗಿತು. ಪತ್ರಿಕೆ ಬಂತು. ದೊಡ್ಡ ಕಾಕಾ, ಸಣ್ಣ ಕಾಕಾ, ಭಾಗವ್ವ ಎಲ್ಲರೂ ತಮ್ಮ ತಮ್ಮ ಸಾಲಿನಲ್ಲಿ ಕ್ಷೇಮವಾಗಿದ್ದರು. ಸರದಾರನಿಗೆ ಕಣ್ಣೀರು ಬರುವುದೊಂದು ಬಾಕಿ.

"ಆತ ನೋಡ್ರಿ! ರಬ್ಬರಿನ ಗುಣ!" ಎಂದ ತುಕಾರಾಮ.

ಅಲ್ಲಿಗೇ ಮುಗಿಸಿದ್ದರೆ ಚೆನ್ನಾಗಿತ್ತು. ಆದರೆ ಸರದಾರನಿಗೆ ತನ್ನ ಕೆಲಸ ತನ್ನ ಮನೆಯಲ್ಲೇ ಆಗಬೇಕು. ಇಸ್ಪೀಟಿನವನ ಟೇಬಲ್ಲಿನ ಮೇಲೆ ಲಗ್ನಪತ್ರಿಕೆ ಬರೆಯುವುದುಂಟೇ? ಡಬ್ಬ ಎತ್ತಿಕೊಂಡು ಮನೆಗೆ ಬಂದ, ಜೋಡಿಸಿದ, ಒತ್ತಿದ.

ಪೀಂ ಪೀಂ ಪೀಂ.

ಮತ್ತೆ ಆಚೆ ಒಯ್ದರು. ಅಲ್ಲಿ ಬಂಗಾರದಂಥ ಮಷೀನು. ಮತ್ತೆ ಈಚೆ ತಂದರು. ಇಲ್ಲಿ ಕೂಗು. ಓಣಿಯ ಹೆಂಗಸರು ಕಟ್ಟೆಯ ಮೇಲೆ ಜೋಳ ಹಸನು ಮಾಡುವುದನ್ನು ಬಿಟ್ಟು ಡಬ್ಬ ಹೋಗುವುದನ್ನೂ ಬರುವುದನ್ನೂ ನೋಡುತ್ತ ಕುಳಿತರು. ಕೊನೆಗೆ ತುಕಾರಾಮನಿಗೆ ಒಂದು ವಿಚಾರ ಹೊಳೆಯಿತು. ಶಿವಶರಣನ ಡಬ್ಬವನ್ನೇ ತಂದು ಸರದಾರನ ಟೇಬಲ್ಲಿನ ಮೇಲೆ ಇಟ್ಟು ಹಚ್ಚಿಸಿದ.

ತಂದಾಗಿನಿಂದ ಒಂದು ದಿನವೂ ಕೂಗದ ಆ ಮಷೀನು ಅಲ್ಲಿ ಪೀಂ ಪೀಂ ಪೀಂ ಎಂದು ಬಾಯಿ ಬಡಿದುಕೊಂಡಿತು. ಶಿವಶರಣ ಹೌಹಾರಿ ವಾಯರು ಕಿತ್ತು, ಬೆಂಕಿ ಬಿದ್ದ ಕೊಟ್ಟಿಗೆಯಿಂದ ಕರು ಎಳೆದುಕೊಂಡು ಹೋಗುವವನಂತೆ ತನ್ನ ಡಬ್ಬ ಎತ್ತಿಕೊಂಡು ಮನೆಗೆ ಓಡಿದ.

ತುಕಾರಾಮ ಕೈ ಝಾಡಿಸಿ ಎದ್ದು ನಿಂತ. "ಖುಲಾಸೆ ಆತ್ರಿ. ಮಷೀನ ಎರಡೂ ಚಲೋ ಅದಾವು. ಮನಿ ಖರಾಬ."

"ಏನಂದಿ?"

"ಮನ್ಯಾಗ ದೋಷ ಐತಿ, ಸರದಾರಭಾಯ್. ನಾ ಅನ್ನೂದಲ್ಲ, ಮಷೀನ ಅಂತೈತಿ."

ಇಷ್ಟು ಸಾಕಾಯಿತು. ಅಲ್ಲಿಯತನಕ ಮಷೀನಿನ ವೈದ್ಯರಾಗಿದ್ದವರೆಲ್ಲ ಈಗ ಮನೆಯ ವೈದ್ಯರಾದರು. ಬಾಗಿಲು ಇರಬೇಕಾದ ದಿಕ್ಕಿನಲ್ಲಿಲ್ಲವೆಂದು ಒಬ್ಬರು, ಟೇಬಲ್ಲಿನ ಮೇಲೆ ತೊಲೆ ಹಾದಿದೆಯೆಂದು ಒಬ್ಬರು. ಅದೇ ಹೊತ್ತಿಗೆ ಮಗನ ಡಬ್ಬಕ್ಕೆ ಏನಾಯಿತೆಂದು ವಿಚಾರಿಸಲು ಬಂದ ಭಾಗವ್ವ, "ನಿಮ್ಮಪ್ಪ ಪಾಯಾ ತೋಡುವಾಗನ ನಮ್ಮ ಮಾವ ಹೇಳಿದ್ದ, ಇಲ್ಲಿ ಮೊದಲ ಒಂದು ಹಾಳಬಾಂವಿ ಇತ್ತಂತ," ಎಂದಳು. ರೇವಪ್ಪ ಗಂಭೀರವಾಗಿ, "ನೆಪ್ಪ ಐತಿ ನನಗ. ಇವರ ಎಮ್ಮಿ ಒಂದ ಸಲ ಕಾರಣಿಲ್ಲದ ಹಾಲ ಬತ್ತಿಸಿಕೊಂಡಿತ್ತು," ಎಂದು ಸಾಕ್ಷಿ ನುಡಿದ.

ಸರದಾರನ ಕಿವಿ ಬಿಸಿಯಾದವು. ಅಪ್ಪ ಸ್ವಂತ ಕೈಯಿಂದ ಕಲ್ಲು ಹೊತ್ತು ಕಟ್ಟಿದ ಮನೆ! ಅಕ್ಕತಂಗಿಯರೆಲ್ಲ ಮದುವೆಯಾಗಿ ಹೋದದ್ದು ಇದೇ ಹೊಸ್ತಿಲು ದಾಟಿ. ಇದೇ ಮಂದಿ ಇದೇ ಪಡಸಾಲೆಯಲ್ಲಿ ಕುಳಿತು ಎಷ್ಟು ಚಹಾ ಕುಡಿದಿಲ್ಲ? ಈಗಲೂ ಕುಡಿಯುತ್ತಿದ್ದಾರೆ! ಮೇಲಾಗಿ, ಮನೆ ಖರಾಬೆಂಬ ಮಾತು ಓಣಿಯಿಂದಾಚೆ ಹೋದರೆ ಮುಂದೆ ಗತಿಯೇನು? ಖರಾಬು ಮನೆಯಲ್ಲಿ ಬರೆದ ಲಗ್ನಪತ್ರಿಕೆ ಯಾರಿಗೆ ಬೇಕು?

"ನನ್ನ ಮನಿ ಹೆಸರ ತಗದ್ರ ಚಲೋ ಆಗೂದಿಲ್ಲ!" ಎಂದು ಅವನು ಗುಡುಗಿದ. "ಮನ್ಯಾಗ ಏನ ದೋಷಿಲ್ಲ! ಬೇಡದ್ದೊಂದು ಕಡ್ಡಿ ಇಲ್ಲ ಈ ಮನ್ಯಾಗ! ದೋಷ ಇದ್ರ ಬಂದು ಕುಂತಾರಲ್ಲ, ಅವರ ನಾಲಗ್ಯಾಗ ಐತಿ!"

ಭಾಗವ್ವ ಮೆಲ್ಲಗೆ, "ಅದಿರಲಿ ತಮ್ಮಾ. ನನ್ನ ಚಂಚಿ ಇಲ್ಲೇ ಎಲ್ಲರ ಇರಬೇಕ ನೋಡೋ. ನಮ್ಮ ಮನ್ಯಾಗ ಎಲ್ಲಾ ಹುಡುಕಿ ಬಂದ್ನಿ," ಎಂದಳು.

ಸರದಾರನ ತಾಳ್ಮೆ ಅಲ್ಲಿಗೆ ಹರಿಯಿತು. "ಆಯಿ! ಮನಿ ಖರಾಬ ಅಂದ್ರಿ, ಕೇಳಿದ್ನಿ. ಈಗ ನಾ ಚಂಚಿ ಕಳ್ಳನೂ ಆದ್ನೇನು? ಎಲ್ಲಾರೂ ಕೇಳ್ರಿ! ಈ ಮುದುಕಿ ಚಂಚಿ ನನ್ನ ಮನ್ಯಾಗ ಸಿಕ್ಕಿತಂದ್ರ, ಅಲ್ಲಾನ ಆಣಿ, ಈ ಮಷೀನ ಅವರ ಮನಿಗೇ ಒಯ್ದು ಇಟ್ಟಗೋಳ್ಳಿ! ನಾ ಮತ್ತ ಕೇಳಿದ್ರ ನನ್ನ ಹೆಸರ ಸರದಾರಲ್ಲ!"

"ಆಣಿ ಮಾಡಿದೆಪಾ," ಎಂದ ರೇವಪ್ಪ. "ನಾವೆಲ್ಲಾ ಕೇಳೇವಿ ನೋಡ."

"ಕೇಳ್ರಿ! ಬರಕೊಳ್ರಿ ಬೇಕಾದ್ರ!"

"ನಾ ಎಲ್ಲಿ ಕಳ್ಳ ಅಂದ್ನೋ ಯಪ್ಪಾ?" ಎಂದು ಭಾಗವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡಳು. "ಮುಂಜಾನಿಂದ ಬಾಯಾಗ ಎಲಿ ಇಲ್ಲ, ತಲಿ ತಿರಗಾಕತ್ತೈತಿ, ಅದಕ್ಕ ಕೇಳಿದ್ನಿ."

ಇಷ್ಟರಲ್ಲಿ ಓಣಿಯ ಬಾಯಲ್ಲಿ ಜೀಪು ನಿಂತಿತು. ಸೋಮನಿಂಗಪ್ಪ ತಲೆಯ ಹಳದಿ ಪಟಕಾ ಸರಿಮಾಡಿಕೊಳ್ಳುತ್ತ ಇಳಿದ. "ಏನ್ರಿ ಸರದಾರಭಾಯ್, ಫ್ಲಾಪಿ ತಯಾರ ಐತಿಲ್ಲೋ? ಛಾಪಖಾನಿಯಾಂವ ಕಾಯಾಕತ್ತಾನ."

ನಡೆದದ್ದನ್ನೆಲ್ಲ ಹೇಳಲು ಐದಾರು ಬಾಯಿಗಳು ಒಟ್ಟಿಗೆ ತೆರೆದವು. ಮನೆ ಖರಾಬೆಂಬ ಮಾತು ಕೇಳಿದ ಸೋಮನಿಂಗಪ್ಪ ಹೊಸ್ತಿಲೊಳಗೆ ಇಟ್ಟ ಕಾಲನ್ನು ಮೆಲ್ಲಗೆ ಹಿಂದೆ ತೆಗೆದ. ಸರದಾರ ಅದನ್ನು ನೋಡಿದ.

"ಇಲ್ಲಿ ಬ್ಯಾಡ್ರಿ. ಮಗಳ ಲಗ್ನದ ಕೆಲಸ. ನಮ್ಮಕ್ಕನ ಮನ್ಯಾಗ ನಡೀತೈತಿ ಅಂದ್ರ ಅಲ್ಲೇ ಮುಗಸ್ರಿ," ಎಂದ ಸೋಮನಿಂಗಪ್ಪ.

ಡಬ್ಬ ಮತ್ತೆ ಓಣಿ ದಾಟಿತು. ಸರದಾರ ಹಲ್ಲು ಕಚ್ಚಿ ಶಿವಶರಣನ ಟೇಬಲ್ಲಿಗೆ ಕುಳಿತ. ಸೋಮನಿಂಗಪ್ಪ ಒಂದೊಂದೇ ಹೆಸರು ಓದಿಸಿ ಕೇಳಿ ತಲೆಯಾಡಿಸಿದ. ಎಲ್ಲ ಸರಿಯಿತ್ತು. ಆದರೆ ಫ್ಲಾಪಿ? ಫ್ಲಾಪಿಗಳ ಡಬ್ಬಿ ಸರದಾರನ ಮನೆಯಲ್ಲಿತ್ತು, ಕೀಬೋರ್ಡಿನ ಹಲಗೆಯ ಹಿಂದಿನ ಮೂಲೆಯಲ್ಲಿ.

ಅವನೇ ಓಡಿ ಬಂದ. ಈಗ ಪಡಸಾಲೆ ಖಾಲಿ. ಶಬನಮ ಚಹಾದ ಕಪ್ಪುಬಸಿ ಒಟ್ಟುಮಾಡುತ್ತಿದ್ದಳು. ಸರದಾರ ಚಾದರ ಎತ್ತಿ ಹಲಗೆ ಎಳೆದ. ಬರಲಿಲ್ಲ. ಇಡೀ ದಿನದ ಸಿಟ್ಟನ್ನೆಲ್ಲ ಕೈಗೆ ತಂದುಕೊಂಡು ಒಂದು ಜಗ್ಗು ಜಗ್ಗಿದ. ಕಟಕ್ಕೆಂದು ಹಲಗೆ ಹೊರಗೆ ಬಂತು. ಕೀಬೋರ್ಡಿನ ಗುಂಡಿಗಳ ಮೇಲೆ, ದನದ ಮೈಗೆ ಉಣ್ಣಿಯಂತೆ ಅಂಟಿಕೊಂಡು, ಭಾಗವ್ವನ ಚಂಚಿ ಕುಳಿತಿತ್ತು.

ಸರದಾರ ನೋಡಿದ. ಚಂಚಿಯೊಳಗಿನ ಸುಣ್ಣದ ಡಬ್ಬಿ ಟೇಬಲ್ಲಿಗೂ ಗುಂಡಿಗಳಿಗೂ ನಡುವೆ ಸಿಕ್ಕು ಅದರ ಮುಚ್ಚಳ ಸೊಟ್ಟಗಾಗಿತ್ತು. ನಿನ್ನೆ ಕತ್ತಲಲ್ಲಿ ಹಲಗೆ ನೂಕಿದಾಗ ಅದೂ ಒಳಗೆ ಹೋಗಿತ್ತು. ಗುಂಡಿಗಳು ಒತ್ತಿದವು ಒತ್ತಿದಂತೆಯೇ ಕುಳಿತಿದ್ದವು. ಅಷ್ಟೇ! ಒತ್ತಿದ ಗುಂಡಿ ಬಿಡುವವರಿಲ್ಲದೆ ಮಷೀನು ಬೆಳಗಿನಿಂದ ಬಾಯಿ ಬಡಿದುಕೊಂಡಿತ್ತು. ರ‍್ಯಾಮು ಅಲ್ಲ, ಜೊಂಡಿಗ ಅಲ್ಲ, ಹಾಳುಬಾವಿ ಅಲ್ಲ, ಅಪ್ಪ ಕಟ್ಟಿದ ಮನೆಯಂತೂ ಅಲ್ಲವೇ ಅಲ್ಲ!

"ಸಿಕ್ಕಿತು!" ಎಂದು ಕೂಗುತ್ತ ಚಂಚಿ ಎತ್ತಿ ಹಿಡಿದು ಬಾಗಿಲಿಗೆ ನುಗ್ಗಿದ. ಇದನ್ನು ಆ ತುಕಾರಾಮನ ಮೂಗಿನ ಮುಂದೆ ಅಲ್ಲಾಡಿಸಬೇಕು. ಆ ಮುದುಕಿಯ ಮುಂದೆ...

ಹೊಸ್ತಿಲಲ್ಲಿ ಅವನ ಕಾಲು ನಿಂತಿತು. ಆಣೆ!

"ಏನಾತ್ರಿ?" ಎಂದಳು ಶಬನಮ. ಅವನು ಚಂಚಿ ತೋರಿಸಿದ. ಅವಳು ಚಂಚಿ ನೋಡಿದಳು, ಹಲಗೆ ನೋಡಿದಳು, ಗಂಡನ ಮುಖ ನೋಡಿದಳು. ಅವಳಿಗೆ ಬಿಡಿಸಿ ಹೇಳುವ ಅಗತ್ಯ ಬೀಳಲಿಲ್ಲ.

"ಯಾ ಅಲ್ಲಾ! ಊರ ಮುಂದ ಆಣಿ ಮಾಡೀರಿ. ಇದು ಇಲ್ಲಿ ಸಿಕ್ಕಿತಂತ ಗೊತ್ತಾದ್ರ ಮಷೀನ ಹೋತು!"

"ಇಲ್ಲಂದ್ರ ಮನಿ ಹೆಸರ ಹೋತಲ್ಲ!" ಎಂದ ಸರದಾರ. "ನನ್ನ ಮನಿ ಚಲೋ ಐತಿ ಅಂತ ತೋರಸಾಕ ನಾ ನನ್ನ ಮಷೀನ ಕೊಡಬೇಕಾ? ಇದ್ಯಾವ ಊರ ನ್ಯಾಯ?"

"ಲಗೂನ ಕಿಸೇದಾಗ ಹಾಕ್ರಿ ಅದನ್ನ. ಗದ್ದಲದಾಗ ಅವರ ಮನ್ಯಾಗ ಎಲ್ಲರ ಇಟ್ಟ ಬಿಡ್ರಿ. ಮಷೀನ ಮನಿಗಿ ಬಂದು ಸುಮ್ಮ ನಡದ ಮ್ಯಾಲ ಮನಿ ಖರಾಬ ಅನ್ನಾಂವ ಯಾಂವ?"

ಸರದಾರ ಹೆಂಡತಿಯನ್ನು ಮೆಚ್ಚಿ ನೋಡಿದ. ಬೆಳಗಿನಿಂದ ಆ ಮನೆಯಲ್ಲಿ ಯಾರಾದರೂ ಬುದ್ಧಿಯ ಮಾತು ಆಡಿದ್ದರೆ ಇವಳೊಬ್ಬಳೇ.

ಶಿವಶರಣನ ಮನೆಯಲ್ಲಿ ಎಲ್ಲರ ಕಣ್ಣೂ ಪರದೆಯ ಮೇಲಿತ್ತು. ಸರದಾರ ಫ್ಲಾಪಿ ತುರುಕಿದ. ಮಷೀನು ಕಟಕಟ ಎನ್ನುತ್ತ ಪತ್ರಿಕೆ ಇಳಿಸುವಾಗ, ಅದರ ಹಿಂದಿನ ವಾಯರು ಸರಿಮಾಡುವವನಂತೆ ಬಗ್ಗಿ, ಕಿಸೆಯಿಂದ ಚಂಚಿ ತೆಗೆದು ಡಬ್ಬದ ಹಿಂದೆ ಗೋಡೆಗೆ ಒತ್ತಿ ಇಟ್ಟ. ಯಾರೂ ನೋಡಲಿಲ್ಲ. ಫ್ಲಾಪಿ ಸೋಮನಿಂಗಪ್ಪನ ಕೈಗೆ ಹೋಯಿತು.

"ಆಯಿ," ಎಂದ ಸರದಾರ, ಆದಷ್ಟು ಸಹಜವಾಗಿ, "ನಿನ್ನ ಚಂಚಿ ಈ ಮಷೀನಿನ ಹಿಂದ ನೋಡಿದಿಯೇನು?"

ಭಾಗವ್ವ ಕೈ ಚಾಚಿ ತಡಕಿದಳು. ಅವಳ ಮುಖ ಅರಳಿತು. "ಅಯ್ಯ ನನ್ನ ಶಿವನ! ಇಲ್ಲೇ ಐತ್ಯೋ!"

"ನೋಡ್ರಿ!" ಎಂದು ಸರದಾರ ಎಲ್ಲರ ಕಡೆ ತಿರುಗಿದ. "ನೋಡ್ರಿ ಮತ್ತ! ನನ್ನ ಮನ್ಯಾಗ ಇತ್ತಾ? ಹಂಗಾದ್ರ ನಾ ಇನ್ನ ಬರತೀನಿ." ಎಂದವನು ಡಬ್ಬಕ್ಕೆ ಕೈ ಹಾಕಿದ.

"ತಡಿ," ಎಂದಳು ಭಾಗವ್ವ. ಅವಳು ಚಂಚಿಯನ್ನು ಕಣ್ಣಿಗೆ ಒತ್ತಿಕೊಂಡು ನಿಂತಿದ್ದಳು. "ಮುಂಜಾನೆ ಈ ಟೇಬಲ್ಲಿನ ಹಿಂದ ಮುಂದ ಎಲ್ಲಾ ಹುಡುಕೀನಿ. ಕಸಬರಗಿ ಹಾಕಿ ಎಳದೀನಿ. ಆಗ ಇದ್ದಿಲ್ಲ. ಈಗ ಬಂತು. ಹೆಂಗ ಬಂತು?"

ಸರದಾರ ಡಬ್ಬದ ಮೇಲಿಟ್ಟ ಕೈ ಹಿಂದೆ ತೆಗೆದ.

"ಹೆಂಗಂದ್ರ?" ಭಾಗವ್ವ ತಾನೇ ಉತ್ತರ ಕೊಟ್ಟಳು. "ಈ ಮಷೀನ ಬಂತು, ಅದರ ಜೋಡಿ ಬಂತು! ಅಲ್ಲಿ ಅಳತಿತ್ತು, ಇಲ್ಲಿ ಬಂದು ನಕ್ಕಿತು. ನನ್ನ ತಮ್ಮನ ಪತ್ರಿಕಾ ಆತು. ಕಳದದ್ದು ಸಿಕ್ಕಿತು. ಇದಕ್ಕ ಕಾಲಗುಣಾ ಅನ್ನದ ಮತ್ತೇನ ಅಂತಾರ? ಸೊಸಿ ಬಂದಂಗ ಬಂದೈತಿ. ಇದು ಈ ಮನೀದು!"

"ಹೌದಕ್ಕಾ!" ಎಂದ ಸೋಮನಿಂಗಪ್ಪ. "ಸರದಾರಭಾಯ್, ನನ್ನ ಮಗಳ ಲಗ್ನ ಆಗೂತನಾ ಇದನ್ನ ಇಲ್ಲಿಂದ ಅಲಗಾಡಸಬ್ಯಾಡ್ರಿ. ನಮ್ಮ ಕರಜಗಿಯವ್ರ ಪತ್ರಿಕಾ ಎಲ್ಲಾ ಇನ್ನ ಇಲ್ಲೇ, ಇದೇ ಟೇಬಲ್ಲಿನ ಮ್ಯಾಲ ಆಗಲಿ."

"ಆಗೂದಿಲ್ಲ!" ಎಂದ ಸರದಾರ. "ನನ್ನ ಮಷೀನ ನಾ ಒಯ್ಯತೀನಿ!"

"ಅಲ್ಲಿ ಕೂಗತೈತಿ," ಎಂದ ತುಕಾರಾಮ.

"ಇನ್ನ ಕೂಗೂದಿಲ್ಲ!"

"ಯಾಕ ಕೂಗೂದಿಲ್ಲ? ನಮ್ಮ ಕಣ್ಣ ಮುಂದ ಎರಡೂ ಮಷೀನ ಕೂಗ್ಯಾವು. ಈಗ ಅಲ್ಲಿ ಹೋಗಿ ಬಂದೆಲ್ಲ, ಏನ ಮಾಡಿ ಬಂದಿ?"

ಎಲ್ಲರೂ ಸರದಾರನ ಬಾಯಿಯನ್ನೇ ನೋಡಿದರು. ಚಂಚಿಯ ಮಾತು ತೆಗೆದರೆ ಆಣೆ ಅಡ್ಡ ಬರುತ್ತಿತ್ತು. ಇಡೀ ದಿನ ಕೂಗಿದ ಮಷೀನಿಗಿದ್ದ ಸ್ವಾತಂತ್ರ್ಯ ಅವನಿಗಿರಲಿಲ್ಲ.

"ಏನಿಲ್ಲ," ಎಂದ.

"ಮತ್ತ?" ಎಂದ ಶಿವಶರಣ ಅವನ ಹೆಗಲ ಮೇಲೆ ಕೈಯಿಟ್ಟು. "ನನ್ನ ಮಷೀನ ಒಳಗಿನ ಖೋಲ್ಯಾಗ ಇಟಗೋತೀನಿ. ನೀ ದಿನಾ ಇಲ್ಲಿಗೇ ಬಾ. ಮನಿ ಮುಂದಿನ ಮನಿ, ಪರಕೀಯಾ ಏನು? ನಡುವ ಬ್ಯಾಸರಾತಂದ್ರ ಇಸ್ಪೀಟ ಆಡೂಣು."

ರೇವಪ್ಪ ಎದ್ದು ನಿಂತು ಎಲ್ಲರಿಗೂ ಕೇಳುವಂತೆ ಹೇಳಿದ: "ಮನಶಾ ಅಂದ್ರ ಹಿಂಗಿರಬೇಕ ನೋಡ್ರಿ. ಚಂಚಿ ತನ್ನ ಮನ್ಯಾಗ ಸಿಕ್ಕರ ಮಷೀನ ಕೊಡತೀನಿ ಅಂತ ಆಣಿ ಮಾಡಿದ್ದ. ಸಿಗಲಿಲ್ಲ. ಆದ್ರೂ ಕೊಟ್ಟಾನ!"

ಭಾಗವ್ವ ಚಂಚಿ ಬಿಚ್ಚಿದಳು. ಸೊಟ್ಟಾದ ಮುಚ್ಚಳದಿಂದ ಸುಣ್ಣವೆಲ್ಲ ಚೆಲ್ಲಿ ಎಲೆಗಳಿಗೆ ಮೆತ್ತಿತ್ತು. ಅವಳ ಮಂಜಾದ ಕಣ್ಣಿಗೆ ಅದು ಕಾಣಲಿಲ್ಲ. ಮೇಲಿನ ಎಲೆಯನ್ನೇ ಮಡಿಚಿ, ಅಡಿಕೆ ಇಟ್ಟು, "ಮೊದಲಿನ ಎಲಿ ನಿನಗಪಾ," ಎಂದು ಪ್ರೀತಿಯಿಂದ ಸರದಾರನ ಬಾಯಿಗೆ ತುರುಕಿದಳು. ಅವನು ಅಗಿದ. ನಾಲಿಗೆಗೆ ಬೆಂಕಿ ಬಿದ್ದಂತಾಯಿತು. ಕಣ್ಣಿನಿಂದ ನೀರು ದಳದಳ ಇಳಿಯಿತು.

"ಅಳಬ್ಯಾಡೋ ಸರದಾರಾ," ಎಂದು ರೇವಪ್ಪ ಬೆನ್ನು ತಟ್ಟಿದ. "ಮಗಳನ್ನ ದೂರದ ಊರಿಗೇನ ಕೊಟ್ಟಿಲ್ಲ."

ಸರದಾರ ಓಣಿ ದಾಟಿ ಬಂದಾಗ ಶಬನಮ ಟೇಬಲ್ಲು ಒರೆಸಿ, ಕೀಬೋರ್ಡಿನ ಸುಣ್ಣ ತೊಳೆದು, ತೊಳೆದ ಚಾದರ ಹಾಸಿ ಬಾಗಿಲಲ್ಲಿ ಕಾಯುತ್ತ ನಿಂತಿದ್ದಳು.

"ಇಟ್ಟ ಬಂದ್ರಿ?"

ಅವನು ಹೌದೆಂದು ತಲೆಯಾಡಿಸಿದ. ನಾಲಿಗೆ ಬಾತು ಮಾತು ಹೊರಡುತ್ತಿರಲಿಲ್ಲ.

"ಮತ್ತ ಮಷೀನ ಎಲ್ಲಿ?"

ಸರದಾರ ಎದುರುಮನೆಯ ಕಡೆ ಬೆರಳು ಮಾಡಿದ. ಅಲ್ಲಿಂದ ಒಂದೇ ಒಂದು ಸಣ್ಣ ‘ಪೀಂ’ ಕೇಳಿಸಿತು. ಶಿವಶರಣ ಸರದಾರನ ಮಷೀನಿನ ಮೇಲೆಯೇ ಇಸ್ಪೀಟು ಹಚ್ಚಿದ್ದ.